ಪ್ರತಿರೂಪಕ ವ್ಯವಹಾರ: ಒಂದು ಹಳೆಯ ಕೈಗಡಿಯಾರದ ನಿಮಿತ್ತ

ಶ್ರಾವಕನ ಅಚೌರ್ಯಾಣುವ್ರತಕ್ಕೆ ಬಾಧಕವಾದ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ನಾಲ್ಕು ವರ್ತಕನಾದವನಿಗೆ ಹೆಚ್ಚಿನ ವಿವರಣೆಯಿಲ್ಲದೆಯೇ ತಿಳಿಯುತ್ತವೆ. ಕಳ್ಳನಿಗೆ ಕುಮ್ಮಕ್ಕು ಕೊಡಬಾರದು, ಕಳವಿನ ಮಾಲನ್ನು ಕೊಳ್ಳಬಾರದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡಬಾರದು, ತಕ್ಕಡಿಯಲ್ಲಿಯೂ ಅಳತೆಯಲ್ಲಿಯೂ ಮೋಸವಿರಬಾರದು. ಐದನೆಯದಾದ ‘ಪ್ರತಿರೂಪಕ ವ್ಯವಹಾರ’ವನ್ನು ಮಾತ್ರ ನಾನು ಬಹುಕಾಲ ಇತರರಿಗೆ ಸಂಬಂಧಿಸಿದ್ದೆಂದು ಭಾವಿಸಿದ್ದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಕೃತಕವಾದ ಚಿನ್ನ ಮುಂತಾದವುಗಳಿಂದ ವಂಚಿಸಿ ನಡೆಸುವ ವ್ಯವಹಾರವೆಂದು ವಿವರಿಸುತ್ತಾರೆ. ನನ್ನದು ಜವಳಿ ಅಂಗಡಿ. ಚಿನ್ನದ ಗೊಡವೆ ನನಗಿರಲಿಲ್ಲ. ಗಿರಣಿಯ ಮುದ್ರೆಯಿದ್ದ ಬಟ್ಟೆಗೆ ಒಂದು ಬೆಲೆ, ಮುದ್ರೆಯಿಲ್ಲದ್ದಕ್ಕೆ ಇನ್ನೊಂದು ಬೆಲೆ ಎಂದು ಹೇಳಿ ಮಾರುತ್ತ ನಲವತ್ತು ವರ್ಷಗಳನ್ನು ನಿಶ್ಚಿಂತೆಯಿಂದ ಕಳೆದೆ. ಆ ಐದನೆಯ ಅತಿಚಾರ ನನ್ನನ್ನು ಎದುರುಗೊಂಡದ್ದು ಬಸದಿಯ ಕಚೇರಿಯಲ್ಲಿ. ಅದೂ ಬಸದಿಗೆ ನಾಲ್ಕು ಕಾಸು ಹೆಚ್ಚು ಬರಲೆಂಬ ಸದ್ಭಾವನೆಯ ವೇಷದಲ್ಲಿ.

2022ರಲ್ಲಿ ನಮ್ಮ ಊರಿನ ಬಸದಿಯ ಜೀರ್ಣೋದ್ಧಾರಕ್ಕೆ ಹಣ ಕೂಡಿಸುತ್ತಿದ್ದಾಗ, ಸಮಾಜದ ಒಂದು ಕುಟುಂಬದವರು ಗತಿಸಿದ ತಮ್ಮ ಹಿರಿಯರ ಕೈಗಡಿಯಾರವನ್ನು ತಂದು ಟ್ರಸ್ಟಿಗೆ ಒಪ್ಪಿಸಿದರು. ಅದು ಒಮೆಗಾ ಕಂಪನಿಯ ಸೀಮಾಸ್ಟರ್. ಬಸದಿಯ ಆವರಣಕ್ಕೆ ತರುವುದೆಂದು ತೊಗಲಿನ ಪಟ್ಟಿಯನ್ನು ಕಳಚಿ ಮನೆಯಲ್ಲಿಯೇ ಬಿಟ್ಟು, ಗಡಿಯಾರವನ್ನಷ್ಟೇ ಬಿಳಿಯ ವಸ್ತ್ರದಲ್ಲಿ ಸುತ್ತಿ ತಂದಿದ್ದರು. ಮಾರಿ ಬಂದ ಹಣವನ್ನು ಮುಖಮಂಟಪದ ನೆಲಗಲ್ಲಿಗೆ ವಿನಿಯೋಗಿಸಬೇಕೆಂಬುದು ಅವರ ಕೋರಿಕೆ. ಹಳೆಯ ಗಡಿಯಾರಗಳ ವಿಷಯದಲ್ಲಿ ನನಗೆ ಅಲ್ಪಸ್ವಲ್ಪ ತಿಳಿದಿದೆಯೆಂದು ಟ್ರಸ್ಟಿನವರಿಗೆ ಗೊತ್ತಿತ್ತು. ನನ್ನ ಅಂಗಡಿಯ ಮಗ್ಗುಲಲ್ಲೇ ಮೂವತ್ತು ವರ್ಷಗಳಿಂದ ಗಡಿಯಾರ ರಿಪೇರಿ ಮಾಡುತ್ತಿರುವ ಸಾಹೇಬರ ಸಹವಾಸದಿಂದ ಅಂಟಿಕೊಂಡ ಹವ್ಯಾಸವದು. ಆದ್ದರಿಂದ ಪರೀಕ್ಷಿಸಿ ಬೆಲೆ ಕಟ್ಟುವ ಹೊಣೆ ನನ್ನ ಪಾಲಿಗೆ ಬಂದಿತು.

ಹಳೆಯ ಗಡಿಯಾರವನ್ನು ಕೊಳ್ಳುವವರು ಸಾಮಾನ್ಯವಾಗಿ ಮೊದಲು ಮುಖ ನೋಡುತ್ತಾರೆ. ಸಾಹೇಬರ ಕ್ರಮ ಅದಕ್ಕೆ ವಿರುದ್ಧ. ಅವರು ಮೊದಲು ಗಡಿಯಾರವನ್ನು ಬೋರಲು ಹಾಕಿ, ಹಿಂಬದಿಯ ಮುಚ್ಚಳವನ್ನು ತಿರುಗಿಸಿ ತೆಗೆದರು. ಮುಚ್ಚಳದ ಒಳಮೈಯಲ್ಲಿ ಕಂಪನಿಯ ಹೆಸರೂ ಆ ಕೇಸಿನ ಮಾದರಿಯ ಸಂಖ್ಯೆಯೂ ಅಚ್ಚಾಗಿದ್ದವು. ಒಳಗಿನ ಮೆಷಿನ್ ತಾಮ್ರದ ಬಣ್ಣದ್ದು. ಆ ಕಾಲದ ಒಮೆಗಾ ಮೆಷಿನುಗಳಿಗೆ ಇರಬೇಕಾದ ಬಣ್ಣವೇ. ಅದರ ಮೇಲೆ ಕೊರೆದ ಕ್ರಮಸಂಖ್ಯೆ ಎರಡು ಕೋಟಿಯ ಆಸುಪಾಸಿನಲ್ಲಿತ್ತು, ಎಂದರೆ 1960ರ ದಶಕದ ಆರಂಭದ ತಯಾರಿಕೆ. ಕೇಸಿನ ಮಾದರಿಯೂ ಅದೇ ಕಾಲಕ್ಕೆ ಸಲ್ಲುವಂಥದು. ಒಂದು ಗಡಿಯಾರದ ಅಂಗಾಂಗಗಳು ತಮ್ಮ ತಮ್ಮ ವಯಸ್ಸನ್ನು ಬೇರೆ ಬೇರೆಯಾಗಿ ಹೇಳುತ್ತವೆ. ಅವೆಲ್ಲವೂ ಒಂದೇ ಕಾಲವನ್ನು ಹೇಳುತ್ತವೆಯೇ ಎಂದು ನೋಡುವುದೇ ಪರೀಕ್ಷೆಯ ಅರ್ಧಭಾಗ. ಗಾಜು ಕೂಡ ಸಾಕ್ಷಿ ನುಡಿಯಿತು. ಒಮೆಗಾದವರ ಹಳೆಯ ಪ್ಲಾಸ್ಟಿಕ್ ಗಾಜಿನ ನಟ್ಟನಡುವೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ, ಕಂಪನಿಯ ಚಿಹ್ನೆಯಿರುತ್ತದೆ. ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರವನ್ನು ಬೆಳಕಿಗೆ ಓರೆಯಾಗಿ ಹಿಡಿದು ಅದನ್ನು ನನಗೂ ತೋರಿಸಿದರು.

ಕೊನೆಗೆ ಡಯಲ್. ಅಲ್ಲಿ ಅವರು ಬಹಳ ಹೊತ್ತು ನಿಂತರು. ಕಾರ್ಖಾನೆಯಲ್ಲಿ ಮುದ್ರಿತವಾದ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಅಂಚು ಚೂಪಾಗಿರುತ್ತದೆ, ಶಾಯಿ ಎಲ್ಲ ಕಡೆ ಸಮನಾಗಿರುತ್ತದೆ. ಇಲ್ಲಿ ಅಕ್ಷರಗಳು ತುಸು ದಪ್ಪವಾಗಿ, ಅಂಚಿನಲ್ಲಿ ಹರಡಿದಂತಿದ್ದವು. ನಿಮಿಷದ ಗೆರೆಗಳಲ್ಲಿ ಎರಡು ಮೂರು, ಗಂಟೆಯ ಗುರುತುಗಳ ನೇರಕ್ಕೆ ಬರದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದವು. ಅರವತ್ತು ವರ್ಷ ಕಂಡ ಕೇಸಿನ ಮೇಲೆ ಗೀರುಗಳಿದ್ದರೂ ಡಯಲಿನಲ್ಲಿ ಒಂದು ಕಲೆಯೂ ಇರಲಿಲ್ಲ. “ಶೆಟ್ರೇ, ತಗಡು ಅಸಲಿ. ಬರಹ ಮಾತ್ರ ಬೇರೆಯವರದು. ಹಳೇ ಬಣ್ಣ ಕೆರೆದು ಹೊಸದಾಗಿ ಬರೆದಿದ್ದಾರೆ” ಎಂದರು ಸಾಹೇಬರು. ನಮ್ಮ ದೇಶದಲ್ಲಿ ಡಯಲಿಗೆ ಹೀಗೆ ಹೊಸ ಬಣ್ಣ ಕೊಟ್ಟು ಬರೆಯುವ ಕುಶಲಿಗಳು ಹಿಂದಿನಿಂದಲೂ ಇದ್ದಾರೆ. ಮುಂಬಯಿಯಂತೂ ಅದಕ್ಕೆ ಹೆಸರಾದ ಊರು.

ಕತ್ತಲೆಯಲ್ಲಿ ಹೊಳೆಯುವ ಮುಳ್ಳುಗಳಿರುವ ಗಡಿಯಾರವಾದರೆ ಇನ್ನೊಂದು ಪರೀಕ್ಷೆಯುಂಟು. ನಮ್ಮದರಲ್ಲಿ ಆ ಲೇಪವಿರಲಿಲ್ಲವಾದರೂ ವಾಚಕರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಸುಮಾರು 1960ರವರೆಗೆ ಆ ಲೇಪಕ್ಕೆ ರೇಡಿಯಂ, ಆಮೇಲೆ ಹಲವು ದಶಕ ಟ್ರಿಟಿಯಂ ಬಳಸುತ್ತಿದ್ದರು. ಟ್ರಿಟಿಯಂ ಹನ್ನೆರಡು ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಕ್ಷಯಿಸುತ್ತದೆ; ಅರವತ್ತು ವರ್ಷಕ್ಕೆ ಮೂವತ್ತರಲ್ಲೊಂದು ಪಾಲು ಉಳಿದರೆ ಹೆಚ್ಚು. ರೇಡಿಯಂ ಅರ್ಧವಾಗಲು 1600 ವರ್ಷ ಬೇಕು. ಆದರೆ ಅದರೊಡನೆ ಬೆರೆಸಿದ ಹೊಳೆಯುವ ಪುಡಿ ಅದಕ್ಕೂ ಬಹಳ ಮೊದಲೇ ಸತ್ತುಹೋಗುತ್ತದೆ. ಆದ್ದರಿಂದ 1960ರ ದಶಕದ ಗಡಿಯಾರವೊಂದು ರಾತ್ರಿಯಿಡೀ ಪ್ರಖರವಾಗಿ ಹೊಳೆಯುತ್ತಿದ್ದರೆ ಆ ಲೇಪ ಇತ್ತೀಚಿನದೆಂದು ತಿಳಿಯಬಹುದು. ಹೊಳಪು ಸತ್ತರೂ ರೇಡಿಯಂ ಸಾಯುವುದಿಲ್ಲವೆಂಬುದನ್ನೂ ಮರೆಯಬಾರದು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಡಯಲುಗಳಿಗೆ ಈ ಲೇಪ ಬಳಿಯುತ್ತಿದ್ದ ಹೆಣ್ಣುಮಕ್ಕಳು ದವಡೆಯ ಮೂಳೆ ಕೊಳೆತು ಪ್ರಾಣಬಿಟ್ಟರು. ಅಜ್ಜನ ಗಡಿಯಾರವನ್ನು ಮನೆಯಲ್ಲಿ ಬಿಚ್ಚಿ ಕೆರೆಯುವ ಸಾಹಸ ಯಾರೂ ಮಾಡಬಾರದು.

ಕೊಳ್ಳಲು ಬೆಂಗಳೂರಿನಿಂದ ಒಬ್ಬ ವ್ಯಾಪಾರಿ ಬಂದರು. ಕೈಯಲ್ಲಿ ಭೂತಗನ್ನಡಿ ಇರಲಿಲ್ಲ. ಮೊಬೈಲಿನ ಬೆಳಕಿನಲ್ಲಿ ಹಿಂದೆಮುಂದೆ ತಿರುಗಿಸಿ ನೋಡಿ, “ಒರಿಜಿನಲ್ ತಾನೇ ಸಾರ್?” ಎಂದು ನನ್ನನ್ನು ಕೇಳಿದರು. ನಾನು, “ಮುಚ್ಚಳ ತೆಗೆಸಿ ನಾನೇ ನೋಡಿದ್ದೇನೆ. ಮೆಷಿನ್ ಒರಿಜಿನಲ್, ನಂಬರ್ ಸರಿಯಾಗಿದೆ” ಎಂದೆ. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. “ಬಸದಿಯವರ ಮಾತು, ಇನ್ನೇನು ನೋಡೋದು” ಎಂದು ಅವರು 48,000 ರೂಪಾಯಿ ಎಣಿಸಿಕೊಟ್ಟರು. ಕಾರ್ಯದರ್ಶಿಗಳು ಟ್ರಸ್ಟಿನ ರಸೀದಿಯಲ್ಲಿ ‘ಒಮೆಗಾ ಕೈಗಡಿಯಾರ, ಅಸಲಿ, ಒಂದು’ ಎಂದು ಬರೆದು ಮೊಹರು ಒತ್ತಿದರು. ನಾನು ಎದುರಿಗೇ ಕುಳಿತಿದ್ದೆ. ಡಯಲ್ ಮರುಬರಹದ್ದೆಂದು ತಿಳಿದಿದ್ದರೆ ಅದಕ್ಕೆ 28,000ಕ್ಕಿಂತ ಹೆಚ್ಚು ಯಾರೂ ಕೊಡಲಾರರೆಂದು ಸಾಹೇಬರು ಹಿಂದಿನ ದಿನವೇ ಹೇಳಿದ್ದರು.

ಅಂದಿನ ಸಂಜೆಯ ಪ್ರತಿಕ್ರಮಣದಲ್ಲಿ ನನಗೆ ಅಡ್ಡವಾದದ್ದು ಆ 20,000 ರೂಪಾಯಿಗಿಂತ ಹೆಚ್ಚಾಗಿ ನನ್ನ ಉತ್ತರದ ಜಾಣತನ. ಆಗ ಮನಸ್ಸು ಒಂದು ಆಶ್ರಯವನ್ನು ಹುಡುಕಿಕೊಂಡಿತು. ಅದನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತೇನೆ, ಏಕೆಂದರೆ ಇದು ನನ್ನೊಬ್ಬನ ಆಶ್ರಯವಲ್ಲವೆಂದು ನನ್ನ ಅನುಮಾನ. ವಸ್ತು ಅನೇಕಾಂತಾತ್ಮಕ. ಸ್ವದ್ರವ್ಯ, ಸ್ವಕ್ಷೇತ್ರ, ಸ್ವಕಾಲ, ಸ್ವಭಾವಗಳ ಅಪೇಕ್ಷೆಯಿಂದ ಅದು ಇದೆ. ಪರದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲ. ಮೆಷಿನಿನ ಅಪೇಕ್ಷೆಯಿಂದ ಗಡಿಯಾರ ಅಸಲಿ, ಬರಹದ ಅಪೇಕ್ಷೆಯಿಂದ ಅಲ್ಲ. ಹಾಗಾದರೆ ನಾನು ಆಡಿದ್ದು ಒಂದು ನಯದ ಮಾತಲ್ಲವೇ? ಎಂಥ ಸಮಾಧಾನ! ಆಚಾರ್ಯರು ಶತಮಾನಗಳ ಕಾಲ ವಾದಿಗಳೊಡನೆ ಸೆಣಸಿ ಕಾಪಾಡಿದ ಸ್ಯಾದ್ವಾದವನ್ನು ನಾನು ಒಂದು ಗಡಿಯಾರದ ಗಿರಾಕಿಯಿಂದ ತಪ್ಪಿಸಿಕೊಳ್ಳಲು ಬಳಸುತ್ತಿದ್ದೆ.

ಸ್ಯಾದ್ವಾದಿಗೆ ಇರುವ ಮೊದಲ ಕಟ್ಟುಪಾಡೇ ಅಪೇಕ್ಷೆಯನ್ನು ನುಡಿಯುವುದು. ‘ಸ್ಯಾತ್’ ಎಂಬ ಪದ ಮಾತಿನಲ್ಲಿ ಇರುವುದು ಕೇಳುವವನು ಅಂಶವನ್ನು ಪೂರ್ಣವೆಂದು ಭ್ರಮಿಸದಿರಲೆಂದೇ. ನಾನು ನುಂಗಿದ್ದು ಆ ಪದವನ್ನೇ. ಇತರ ನಯಗಳನ್ನು ಅಲ್ಲಗಳೆದು ನಿಲ್ಲುವ ನಯ ದುರ್ನಯವೆಂದು ಓದಿದ್ದೇವೆ. ಅಲ್ಲಗಳೆಯದಿದ್ದರೂ, ಇತರ ನಯವೊಂದು ಇದೆಯೆಂಬ ಸುಳಿವೇ ಸಿಗದಂತೆ ಗಿರಾಕಿಯ ಮುಂದೆ ಒಂದು ನಯವನ್ನು ಚಾಚುವುದು ಅದರ ಕಡೆಯದೇ ಆಗಿರಬೇಕು.

ಇದಕ್ಕೆ ವ್ಯಾಪಾರಿಗಳ ಒಂದು ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ತನಗೆ ಗೊತ್ತಿರುವುದನ್ನೆಲ್ಲ ಗಿರಾಕಿಗೆ ಒಪ್ಪಿಸಬೇಕೆಂದರೆ ಅಂಗಡಿಯೇ ನಡೆಯಲಾರದು. ಅಸಲು ಬೆಲೆಯನ್ನು ನಾನು ಎಂದೂ ಯಾರಿಗೂ ಹೇಳಿದವನಲ್ಲ. ಮುಂದಿನ ವಾರ ದರ ಇಳಿಯಬಹುದೆಂಬ ನನ್ನ ಊಹೆಯನ್ನೂ ಹೇಳಿಲ್ಲ. ಅದರಲ್ಲಿ ದೋಷವಿದೆಯೆಂದು ಈಗಲೂ ಅನ್ನಿಸುವುದಿಲ್ಲ. ಆ ಮೌನ ನನ್ನ ವಿಷಯದ ಮೌನ. ಆದರೆ ಆ ಬೆಂಗಳೂರಿನವರು ಕೇಳಿದ್ದು ವಸ್ತುವಿನ ವಿಷಯ. ನನ್ನ ಉತ್ತರವನ್ನು ಅವರು ಇಡೀ ಗಡಿಯಾರಕ್ಕೆ ಅನ್ವಯಿಸಿಕೊಳ್ಳುತ್ತಾರೆಂದು ನನಗೆ ತಿಳಿದಿತ್ತು, ಹಾಗೆ ಅನ್ವಯಿಸಿಕೊಳ್ಳಲೆಂದೇ ಶಬ್ದಗಳನ್ನು ಆಯ್ದಿದ್ದೆ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತ, ಒಂದನ್ನು ಇನ್ನೊಂದಾಗಿ ಹೇಳುವುದನ್ನು ಪ್ರತ್ಯೇಕ ಬಗೆಯಾಗಿಯೇ ಎಣಿಸಿದ್ದಾರೆ. ಹಸುವನ್ನು ಕುದುರೆಯೆನ್ನುವುದು ಅವರ ಉದಾಹರಣೆ. ಹಸುವನ್ನು ತೋರಿಸಿ, ಬಾಯಿಬಿಟ್ಟು ಕುದುರೆಯೆನ್ನದೆ, “ನಾಲ್ಕು ಕಾಲು ಸರಿಯಾಗಿವೆ” ಎಂದಷ್ಟೇ ಹೇಳಿ ಕುದುರೆಯ ಬೆಲೆ ಪಡೆದವನ ವ್ರತ ಉಳಿಯಿತೆಂದು ಹೇಳಲು ನನಗೆ ಧೈರ್ಯವಿಲ್ಲ.

ರಸೀದಿಯದು ಬೇರೆಯೇ ಲೆಕ್ಕ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಬರುತ್ತದೆ, ಎಂದರೆ ಸುಳ್ಳು ಬರಹ. ಕಾರ್ಯದರ್ಶಿಗಳಿಗೆ ಡಯಲಿನ ಸಂಗತಿ ಗೊತ್ತಿರಲಿಲ್ಲ, ಅವರು ಶುದ್ಧರು. ಲೇಖನಿ ಅವರದು, ಲೇಖ ನನ್ನದು.

ಈ ಚಿಂತನೆಯಲ್ಲಿ ನಾನು ಮತ್ತೆ ಶ್ರಾವಕಾಚಾರಗಳನ್ನು ತೆರೆದಾಗ ಒಂದು ಸೂಕ್ಷ್ಮ ಗಮನಕ್ಕೆ ಬಂದಿತು. ತತ್ತ್ವಾರ್ಥಸೂತ್ರ ‘ಪ್ರತಿರೂಪಕ ವ್ಯವಹಾರ’ವೆನ್ನುವಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ‘ಸದೃಶಸನ್ಮಿಶ್ರ’ವೆನ್ನುತ್ತದೆ, ಎಂದರೆ ಹೋಲುವುದನ್ನು ಹೋಲುವುದರೊಡನೆ ಬೆರೆಸುವುದು, ತುಪ್ಪದಲ್ಲಿ ಎಣ್ಣೆ ಬೆರೆಸಿದಂತೆ. ಎರಡನ್ನೂ ಒಂದೇ ಎಂದು ಓದಿಕೊಂಡು ಹೋಗುವುದು ರೂಢಿ. ಗಡಿಯಾರದ ಪೇಟೆಯನ್ನು ಬಲ್ಲವರಿಗೆ ಅವು ಎರಡೆಂದು ಕಾಣುತ್ತದೆ. ಅಪ್ಪಟ ನಕಲಿ ಗಡಿಯಾರವನ್ನು ಪತ್ತೆ ಮಾಡುವುದು ಕಷ್ಟವಲ್ಲ. ಮುಚ್ಚಳ ತೆಗೆದರೆ ಸಾಕು. ಕಷ್ಟವಿರುವುದು ಬೆರಕೆಯಲ್ಲಿ.

ನಮ್ಮ ಎಚ್‌ಎಂಟಿಯನ್ನೇ ನೋಡಿರಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ‘ಜನತಾ’ ಗಡಿಯಾರ ಒಂದು ಕಾಲಕ್ಕೆ ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಮನೆಮನೆ ಸೇರಿತ್ತು. ಹದಿನೇಳು ಕಲ್ಲಿನ, ದಿನಕ್ಕೊಮ್ಮೆ ಕೀ ಕೊಡುವ ಗಡಿಯಾರ. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ ಮೇಲೆ ಯಾರೂ ಕೇಳದಿದ್ದ ಹಳೆಯ ಗಡಿಯಾರಗಳಿಗೆ ಬೆಲೆ ಬಂತು. ಬೆಲೆಯ ಬೆನ್ನಿಗೇ ಬೆರಕೆಯೂ ಬಂತು. ಒಂದರ ಮೆಷಿನ್, ಇನ್ನೊಂದರ ಕೇಸ್, ಆ ಕಾರ್ಖಾನೆ ಎಂದೂ ಹೊರತರದ ಬಣ್ಣಗಳಲ್ಲಿ ಬರೆದ ಡಯಲ್. ಒಳಗೆ ಮಿಡಿಯುವುದು ಎಚ್‌ಎಂಟಿಯೇ. ಆದರೆ ಅಂಥ ಗಡಿಯಾರ ಬೆಂಗಳೂರಿನ ಕಾರ್ಖಾನೆಯಿಂದಾಗಲಿ ತುಮಕೂರಿನದರಿಂದಾಗಲಿ ಎಂದೂ ಹೊರಬಿದ್ದದ್ದಲ್ಲ.

ದೊಡ್ಡವರೂ ಇದರಿಂದ ಪಾರಾಗಿಲ್ಲ. 2021ರ ನವೆಂಬರಿನಲ್ಲಿ ಜಿನೀವಾ ನಗರದ ಹರಾಜಿನಲ್ಲಿ 1957ರದೆಂದು ಹೇಳಲಾದ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕುಗಳಿಗೂ ಮಿಕ್ಕಿ, ಎಂದರೆ ನಮ್ಮ ಸುಮಾರು 25 ಕೋಟಿ ರೂಪಾಯಿಗೆ ಮಾರಾಟವಾಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ವಸ್ತುಸಂಗ್ರಹಾಲಯಕ್ಕೆಂದು. 2023ರಲ್ಲಿ ಸತ್ಯ ಹೊರಬಿತ್ತು: ಅದು ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಜೋಡಿಸಿ ಮಾಡಿದ್ದು. ತನ್ನ ಮೂವರು ಮಾಜಿ ನೌಕರರು ಇದರಲ್ಲಿ ಭಾಗಿಗಳೆಂದು ಕಂಪನಿಯೇ ತಿಳಿಸಿತು. ಇದು ಸಂಗ್ರಹದಲ್ಲಿ ಇರಲೇಬೇಕಾದ ಅಪೂರ್ವ ವಸ್ತುವೆಂದು ಒಳಗಿನವರೊಬ್ಬರೇ ಶಿಫಾರಸು ಮಾಡಿದ್ದರಂತೆ. ತಾನು ಹೆತ್ತ ಕೂಸನ್ನು ತಾಯಿ ಗುರುತಿಸದೆ ಹೋದಳು, ಮನೆಯವರ ಮಾತನ್ನು ನಂಬಿ. ಈ ಸುದ್ದಿಯನ್ನು ಓದಿದಾಗ ನನಗೆ ಜಿನೀವಾ ನೆನಪಾಗಲಿಲ್ಲ; “ಬಸದಿಯವರ ಮಾತು, ಇನ್ನೇನು ನೋಡೋದು” ಎಂಬುದೇ ಕಿವಿಯಲ್ಲಿತ್ತು.

ಆ ವೇಳೆಗೆ ನಾನು ಸುಮ್ಮನೆ ಕುಳಿತಿದ್ದೆನೆಂದಲ್ಲ. ಮಾರಾಟವಾದ ಮೂರು ವಾರಗಳ ಮೇಲೆ ಆ ವ್ಯಾಪಾರಿಗೆ ದೂರವಾಣಿ ಮಾಡಿ, ಡಯಲಿನ ಸಂಗತಿ ತಿಳಿಸಿ, ವ್ಯತ್ಯಾಸದ ಹಣ ಕೊಡುತ್ತೇನೆಂದೆ. ಅವರು ನಕ್ಕರು. ಗಡಿಯಾರ ಆಗಲೇ ಇನ್ನೊಬ್ಬರ ಕೈ ಸೇರಿತ್ತು. “ನಿಮ್ಮ ರಸೀದಿಯನ್ನೂ ಜೊತೆಗೇ ಕೊಟ್ಟೆ ಸಾರ್, ಅದರಿಂದಲೇ ಒಳ್ಳೆ ರೇಟು ಬಂತು” ಎಂದರು. ಕೊಂಡವರ ಹೆಸರು ಹೇಳಲು ಒಪ್ಪಲಿಲ್ಲ, ಹಣವನ್ನೂ ಬೇಡವೆಂದರು. ನಮ್ಮ ಬಸದಿಯ ಮೊಹರು ಹೀಗೆ ಯಾವುದೋ ಊರಿನ ಯಾರದೋ ಕಪಾಟಿನಲ್ಲಿ ಇಂದಿಗೂ ಸುಳ್ಳು ಸಾಕ್ಷಿ ಹೇಳುತ್ತಿದೆ.

ಟ್ರಸ್ಟಿನ ಸಭೆಯಲ್ಲಿ ವಿಷಯವಿಟ್ಟೆ. ಕೋಶಾಧ್ಯಕ್ಷರು ಅನುಭವಿಗಳು, ನನಗಿಂತ ಹಿರಿಯರು. ದೇವದ್ರವ್ಯವಾಗಿ ಒಮ್ಮೆ ಜಮೆಯಾದದ್ದನ್ನು ಹಿಂದೆ ಕೊಡುವ ಪದ್ಧತಿಯಿಲ್ಲ, ಕೊಡಲೂ ಬಾರದೆಂದರು. ಅದು ಸರಿಯೇ. ಆದರೆ ತಪ್ಪು ಮಾತಿನಿಂದ ಬಂದ 20,000 ದೇವದ್ರವ್ಯವಾಗುವುದಾದರೂ ಹೇಗೆಂಬ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಬರಲಿಲ್ಲ. ಕಡೆಗೆ ನಾನು ಅಷ್ಟು ಹಣವನ್ನು ನನ್ನ ಸ್ವಂತದಿಂದ ತೆಗೆದು ಬೇರೆ ಇರಿಸಿದೆ. ಯಾರಿಗೆ ಸಲ್ಲಬೇಕೆಂದು ಗೊತ್ತಿದೆ, ಅವರು ಎಲ್ಲಿದ್ದಾರೆಂದು ಗೊತ್ತಿಲ್ಲ. ಬಿ.ಕಾಂ. ಓದುವಾಗ ಕಲಿಸಿದಂತೆ ಅದನ್ನು ಪುಸ್ತಕದಲ್ಲಿ ಅನಾಮತ್ತು ಖಾತೆಗೆ ಬರೆದಿದ್ದೇನೆ. ಆ ಖಾತೆಯನ್ನು ವರ್ಷದ ಕೊನೆಗೆ ಮುಚ್ಚಬೇಕೆಂದೂ ಆಗ ಕಲಿಸಿದ್ದರು.

ಉಳಿದಿದ್ದುದು ದಾನ ಕೊಟ್ಟ ಮನೆಯವರಿಗೆ ತಿಳಿಸುವುದು. ಹಿರಿಯರ ನೆನಪಿಗೆ ಕುಂದು ತಂದಂತಾದೀತೆಂದು ತಿಂಗಳುಗಟ್ಟಲೆ ಅಳುಕಿದೆ. ಒಂದು ದಿನ ಹೋಗಿ, ಮಗನೊಡನೆ ಮಾತಿಗೆ ಮಾತು ಬಂದಾಗ ಡಯಲಿನ ವಿಷಯವೆತ್ತಿದೆ. ಅವರಿಗೆ ಏನೂ ಅನ್ನಿಸಲಿಲ್ಲ. “ಅದೇ? ಮಳೆಯಲ್ಲಿ ನೆನೆದು ಕಲೆಯಾಗಿತ್ತು. 1981ರ ಮಹಾಮಸ್ತಕಾಭಿಷೇಕಕ್ಕೆ ಹೊರಡುವ ಮುಂಚೆ ಅಪ್ಪಾಜಿ ಬೆಂಗಳೂರಿನಲ್ಲಿ ಹೊಸದಾಗಿ ಬರೆಸಿದ್ದರು” ಎಂದು ಒಳಗಿನಿಂದ ಒಂದು ಹಳೆಯ ಲೆಕ್ಕದ ಪುಸ್ತಕ ತಂದರು. ಅದರಲ್ಲಿ ಹಿರಿಯರ ದುಂಡಗಿನ ಅಕ್ಷರದಲ್ಲಿ ತಾರೀಖು, ‘ಗಡಿಯಾರದ ಮುಖ ಹೊಸದಾಗಿ ಬರೆಸಿದ್ದು’ ಎಂಬ ಸಾಲು, ಮುಂದೆ 35 ರೂಪಾಯಿ. ವಸ್ತ್ರದಲ್ಲಿ ಸುತ್ತಿ ತಂದ ದಿನ ಕೇಳಿದ್ದರೆ ಆಗಲೇ ಹೇಳುತ್ತಿದ್ದರು. ಆ ಮರುಬರಹದಲ್ಲಿ ವಂಚನೆಯ ಲೇಶವೂ ಇರಲಿಲ್ಲ. ನಲವತ್ತೊಂದು ವರ್ಷ ಅದು ಬರಿಯ ದುರಸ್ತಿಯಾಗಿತ್ತು. ಅದು ಪ್ರತಿರೂಪಕವಾದದ್ದು ನಾನು ಉತ್ತರ ಕೊಟ್ಟ ಕ್ಷಣದಲ್ಲಿ. ಪೂಜ್ಯಪಾದರು ‘ವಂಚನೆ’ಯನ್ನು ಆ ವಿವರಣೆಯೊಳಗೆ ಏಕೆ ಸೇರಿಸಿದರೆಂದು ಆ ಲೆಕ್ಕದ ಪುಸ್ತಕದ ಮುಂದೆ ಕುಳಿತಾಗ ತಿಳಿಯಿತು.

ಈಗ ನಮ್ಮ ಟ್ರಸ್ಟಿನಲ್ಲಿ ದಾನವಾಗಿ ಬಂದ ವಸ್ತುಗಳಿಗೆ ಒಂದು ಪ್ರತ್ಯೇಕ ಪುಸ್ತಕವಿದೆ. ಕೊಟ್ಟವರು ಹೇಳಿದ್ದೇನು, ನೋಡಿದವರು ಕಂಡದ್ದೇನು, ತಿಳಿಯದೆ ಉಳಿದದ್ದೇನು ಎಂಬ ಮೂರು ಅಂಕಣಗಳು. ಬೆಲೆ ಮಾತಾಡುವ ಮೊದಲು ಮೂರನ್ನೂ ಕೊಳ್ಳುವವರಿಗೆ ಓದಿ ಹೇಳಿ, ರಸೀದಿಯಲ್ಲಿಯೂ ಬರೆಯುತ್ತೇವೆ. ಇದರಿಂದ ಎರಡು ಬಾರಿ ವ್ಯಾಪಾರ ಮುರಿದುಬಿದ್ದಿತು. ಒಂದು ಗೋಡೆ ಗಡಿಯಾರ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆಗೆ ಹೋಯಿತು. ಭಕ್ತಿಯಿಂದ ತಂದುಕೊಟ್ಟವರನ್ನು ಹೀಗೆ ಪ್ರಶ್ನಿಸುವುದು ಅವರಿಗೆ ಮಾಡುವ ಅಗೌರವವೆಂದು ಕೋಶಾಧ್ಯಕ್ಷರು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಅವರ ಮಾತಿಗೆ ತೂಕವಿಲ್ಲದಿಲ್ಲ. ಪುಸ್ತಕವನ್ನು ಮುಂದುವರಿಸುವ ನಿರ್ಣಯ ಕಳೆದ ಸಲ ಒಂದೇ ಮತದಿಂದ ಉಳಿಯಿತು.

ಹಿರಿಯರ ಗಡಿಯಾರವನ್ನು ಬಸದಿಗೆ ಕೊಡಬೇಕೆಂದಿರುವ ಮನೆಯವರಲ್ಲಿ ಒಂದು ಬಿನ್ನಹ. ಚೆನ್ನಾಗಿ ಕಾಣಲೆಂದು ಪಾಲಿಶ್ ಮಾಡಿಸಬೇಡಿ, ಡಯಲ್ ಬರೆಸಬೇಡಿ; ಇದ್ದಂತೆಯೇ ತನ್ನಿ. ರಿಪೇರಿಯ ಚೀಟಿಗಳಿದ್ದರೆ, ಹಳೆಯ ಲೆಕ್ಕದ ಪುಸ್ತಕದಲ್ಲಿ ಅಂಥ ಸಾಲೇನಾದರೂ ಇದ್ದರೆ, ಅದನ್ನೂ ಜೊತೆಗೆ ತನ್ನಿ.